ಗಜದ ಮೇಲಿನ ಗೆರೆ

ಕಾಕತಿ ದಾಟಿ, ಕಲ್ಲಿನ ಕ್ವಾರಿಯ ಹಿಂದಿನ ರೇಂಜಿನಲ್ಲಿ
ನನ್ನ ಮೊದಲ ಪಾಠ ಗುಂಡು ಹೊಡೆಯುವುದಲ್ಲ.
"ಮೊದಲ ಗಜಾ ಇಳಸು," ಅಂದರು ಹುಂದ್ರೆ ಹವಾಲ್ದಾರರು,
"ಠಾಸಣಿ ಬಂದೂಕು ಬಾಯಿಲೇ ಉಣ್ತೈತಿ.
ಉಂಡೈತೋ, ಉಪಾಸ ಐತೋ,
ಬಾಯಾಗ ಕೋಲು ಇಟ್ಟೇ ಕೇಳಬೇಕು."

ಇಳಿಸಿದೆ. ಖಣ್ ಅನ್ನಲಿಲ್ಲ,
ದಪ್ ಅಂದು ನಿಂತಿತು.
ಅಜ್ಜ ಅರದಿಂದ ಕೊರೆದ ಗೆರೆ
ನಳಿಗೆಯ ಬಾಯಿಗೆ ಸರಿ ಕೂಡಬೇಕಾದದ್ದು
ನಾಲ್ಕು ಬೆರಳು ಮೇಲೆಯೇ ಉಳಿಯಿತು.

ಹವಾಲ್ದಾರರು ಮಾತಾಡಲಿಲ್ಲ.
ಸಾಲಿನವರನ್ನೆಲ್ಲ ಕೈಸನ್ನೆಯಲ್ಲೇ ಹಿಂದೆ ಸರಿಸಿದರು,
ಬೀಡಿ ಹಚ್ಚಿದ್ದ ರಾಯಬಾಗದ ಹುಡುಗನನ್ನು
ಗೇಟಿನಾಚೆ ಅಟ್ಟಿದರು.

ನಲವತ್ತೊಂದು ವರ್ಷ
ನೇಸರಗಿಯ ಪಡಸಾಲೆಯ ಗೂಟಕ್ಕೆ ತೂಗಿದ್ದು;
ಎಲೆಕ್ಷನ್ ಬಂದಾಗೊಮ್ಮೆ ಠಾಣೆಗೆ ಹೋಗಿ
ಚೀಟಿ ಕಟ್ಟಿಸಿಕೊಂಡು ಮರಳಿದ್ದು;
ಖಂಡೇನವಮಿಗೆ ನಾವು ಹುಡುಗರು ಸುತ್ತ ಕೂತು
ಅದರ ಬಾಯಿಗೆ ಕುಂಕುಮ ಹಚ್ಚಿದ್ದು.
ನಾನಂತೂ ನಳಿಗೆಗೆ ಕಣ್ಣಿಟ್ಟು ಕೂಗಿದ್ದೆ:
"ಯಾರ ಅದೀರಿ ಒಳಗ?"

"ಮದ್ದಿಗೆ ಮುಪ್ಪಿಲ್ಲ ತಂಗಿ."
ಜಡ್ಡಿನವರಿಗೆ ಹಾಕಿದಂತೆ
ಗುಟುಕು ಗುಟುಕು ನೀರು ಹಾಕಿ ನೆನೆಸಿದರು.
ಗಜದ ತುದಿಗೆ ತಿರುಪು ಸಿಕ್ಕಿಸಿ
ಅಂಗಾಲಿನ ಮುಳ್ಳು ತೆಗೆವಂತೆ ತೆಗೆದರು.
ಬಂತು, ಬೂದಿಗಟ್ಟಿದ ಸೀಸದ ಗುಂಡು.
ಹಿಂದೆಯೇ ಕರಿ ನೀರು, ಕರಿ ನೀರು, ಮುಗಿಯಲೊಲ್ಲದು.
"ತುಂಬಿದವರಿಗೆ ಅಳತಿ ಗೊತ್ತಿಲ್ಲ.
ಅಂಜಿ ತುಂಬ್ಯಾರ."

ಗುಂಡಿಗೆ ಸುತ್ತಿದ ಚಿಂದಿ: ನೀಲಿ ಚೌಕಡಿ,
ಅದರ ಮೇಲೆ ಬಿಳಿ ದಾರದ ಸಾಲುಹೊಲಿಗೆ.
ಅಜ್ಜಿಯ ಕೌದಿ.
ಅದರ ಮೂಲೆಯಲ್ಲೊಂದು ತೂತು ಇತ್ತು,
ಬೆರಳು ತೂರಿಸಿಕೊಂಡೇ ನಾನು ನಿದ್ದೆ ಹೋಗುತ್ತಿದ್ದೆ.
ಇಲಿ ತಿಂದದ್ದು ಅನ್ನುತ್ತಿದ್ದಳು.

ಅಜ್ಜ ವಾಲೀಕಾರ. ರಾತ್ರಿ ಗಸ್ತಿಗೆ
ಬಡಿಗೆ ಹಿಡಿದೇ ಹೋಗುವವನು.

ಬಿಸಿನೀರು, ಒಣ ಅರಿವೆ, ಎಣ್ಣೆ.
ಬರೀ ಕೇಪು ಇಟ್ಟು ಹುಲ್ಲುಕಡ್ಡಿಗೆ ಬಾಯಿ ಹಿಡಿದೆ.
ಚಟ್! ಕಡ್ಡಿ ತಲೆದೂಗಿತು.
"ಉಸರಿನ ಹಾದಿ ಬಿಚ್ಚಿತು. ಇನ್ನ ತುಂಬು."

ಹಿತ್ತಾಳೆಯ ಅಳತೆಯಲ್ಲಿ ಮದ್ದು,
ಗಾದಿಬಟ್ಟೆಯ ಚೂರಿಗೆ ನನ್ನದೇ ಎಂಜಲು, ಗುಂಡು.
ಗಜ ಇಳಿಯಿತು; ಹೊಸ ಗೆರೆ ನಾನೇ ಕೊರೆದೆ.
ಭುಜಕ್ಕೆ ಒತ್ತಿ, ಉಸಿರು ಬಿಗಿಹಿಡಿದು,
ಎಳೆದೆ.

ಹೊಗೆ. ಕೊಳೆತ ತತ್ತಿಯ ನಾತ.
ಹಲಗೆಗೆ ಬಿತ್ತೋ, ಗುಡ್ಡಕ್ಕೆ ಬಿತ್ತೋ,
ಗಾಳಿ ಬರುವತನಕ ತಿಳಿಯುವಂತಿಲ್ಲ.
"ಓಡಬ್ಯಾಡ. ನಿಂದ್ರು," ಅಂದರು.

ನಿಂತೆ.
ಪ್ಯಾಂಟಿನ ಕಿಸೆಯೊಳಗೆ ಆ ಒದ್ದೆ ಚಿಂದಿ
ತೊಡೆಗೆ ತಣ್ಣಗೆ ಹತ್ತುತ್ತಿತ್ತು.