ಬಾಟಲಿಯಲ್ಲಿ ಎರಡು ಪದರ

ಅಲ್ ಅಶ್ಖರಾದಲ್ಲಿ ಜುಲೈ ಅಂದರೆ ಗಾಳಿ.
ಶೆಡ್ಡಿನ ತಗಡು ರಾತ್ರಿಯಿಡೀ ಬಡಿದುಕೊಂಡು
ಇನ್ನೇನು ಸುಮ್ಮನಾಗಬೇಕು, ಅಷ್ಟರಲ್ಲಿ
ದೋಣಿಯ ಹಗ್ಗ ಕಟ್ಟಿ ಎಳೆದು ತಂದರು
ಮುಸಲ್ಲಂ ಮುದುಕನ ಪಿಕಪ್ಪನ್ನು.
ಹಿಂದೆ ಬಲೆ, ಬಲೆಯ ಮೇಲೆ ಮೊಮ್ಮಗ ಹಮೂದ್,
ಅವನ ಮಡಿಲಲ್ಲಿ ಹಳದಿ ಕ್ಯಾನು.

'ಮುಹಂದಿಸ್' ಅನ್ನುತ್ತಾನೆ ಮುದುಕ, ಎಂಜಿನಿಯರ್ ಅಂತ.
ಸವಣೂರಿನಲ್ಲಿ ಹತ್ತನೆಯ ಗಣಿತಕ್ಕೆ ಮೂರು ಸಲ ಕೂತವನು ನಾನು.
ತಿದ್ದಲು ಹೋಗಿಲ್ಲ.

ನಮ್ಮ ಉಸ್ತಾದ್ ಬುಡನಸಾಬ ಹೇಳುತ್ತಿದ್ದ:
'ಲೇ ತಮ್ಮಾ, ಪಾನಾ ಆಮ್ಯಾಲ. ಮೊದಲ ಕಿವಿ ಹಚ್ಚು.
ಅಳೂ ಕೂಸು ಎಲ್ಲಾ ಹಸಿದೇ ಅಳತಾವೇನು?'

ಕೀಲಿ ತಿರುಗಿಸಿದೆ.
ಗರಗರ ಗರಗರ. ಸುತ್ತು ಜೋರಾಗಿಯೇ ಇದೆ,
ಬ್ಯಾಟರಿ ಸತ್ತಿಲ್ಲ, ಸ್ಟಾರ್ಟರು ಗಟ್ಟಿ.
ಡ್ಯಾಶಿನ ದೀಪಗಳು ಮಾತ್ರ ಯಾವ ಕಾಲದಲ್ಲೋ ಆರಿಹೋಗಿವೆ;
ಈ ಗಾಡಿಗೆ ನೋವು ಎಲ್ಲಿ ಎಂದು ಹೇಳಲು ಬಾರದು.
ಹಿಂದಕ್ಕೆ ಹೋಗಿ ಸೈಲೆನ್ಸರಿಗೆ ಅಂಗೈ ಹಿಡಿದೆ.
ಬಿಳಿ ಹೊಗೆ ಬಂದಿದ್ದರೆ ಡೀಸೆಲ್ ಮುಟ್ಟಿದೆ, ಹೊತ್ತಿಲ್ಲ ಅಂತ.
ಬರೀ ಗಾಳಿ, ತಣ್ಣಗಿನ ಗಾಳಿ.
ಅನ್ನವೇ ಹೊಟ್ಟೆಗಿಳಿದಿಲ್ಲ.

ಇಂಜೆಕ್ಟರಿನ ನಟ್ಟು ಅರ್ಧ ಸುತ್ತು ಸಡಿಲಿಸಿದೆ. ಒಣ.
ಫಿಲ್ಟರಿನ ತಲೆಯ ಪಂಪು ಒತ್ತಿದೆ, ಹೆಬ್ಬೆರಳು ನೋಯುವಷ್ಟು.
ಆಮೇಲೆ ಕೆಳಗೆ ಮಲಗಿ, ತಳದ ತಿರುಪು ಬಿಚ್ಚಿ,
ನೀರು ಕುಡಿದು ಬಿಸಾಡಿದ ಬಾಟಲಿಯೊಂದನ್ನು ಒಡ್ಡಿದೆ.

ಈಗ ಕಾಯಬೇಕು. ಡೀಸೆಲ್ಲಿಗೆ ಅವಸರವಿಲ್ಲ.
ಮುದುಕ ಖಾವಾ ಬಗ್ಗಿಸಿಕೊಟ್ಟ, ಖರ್ಜೂರ ಮುಂದೆ ಸರಿಸಿದ.
ಹಮೂದ್ ಕೆಳಗಿಳಿಯಲಿಲ್ಲ.
ಬಾಟಲಿಯಲ್ಲಿ ಮೆಲ್ಲಗೆ ಒಂದು ಗೆರೆ ಮೂಡಿತು:
ಮೇಲೆ ಜೇನಿನ ಬಣ್ಣ, ಕೆಳಗೆ ಬಣ್ಣವೇ ಇಲ್ಲದ್ದು,
ಎರಡು ಬೆರಳು ದಪ್ಪ.

ಇಬ್ಬನಿಯ ನೀರೇ? ಬಂಕಿನವನ ಮೋಸವೇ?
ಮೇಲಿನದನ್ನು ಬಗ್ಗಿಸಿ, ಕೆಳಗಿನದಕ್ಕೆ ಬೆರಳದ್ದಿ
ನಾಲಿಗೆಗೆ ಮುಟ್ಟಿಸಿದೆ.
ಥೂ.
ಉಪ್ಪು.

ಸವಣೂರಿನವನಿಗೆ ಸಮುದ್ರದ ಪರಿಚಯ ಅಷ್ಟಕ್ಕಷ್ಟೇ,
ತುಕ್ಕು ನೋಡಿ ಗುರುತು ಹಿಡಿಯುತ್ತೇನೆ.
ಆದರೂ ಈ ರುಚಿ ಬಂಕಿನದಲ್ಲ.
ತಲೆಯೆತ್ತಿದರೆ ಹಮೂದ್
ಕ್ಯಾನಿನ ಮುಚ್ಚಳವನ್ನು ತಿರುಗಿಸುತ್ತಿದ್ದ, ಬಿಚ್ಚುತ್ತಿದ್ದ, ತಿರುಗಿಸುತ್ತಿದ್ದ.

ಬಯ್ಯಬೇಕೆಂದೇ ಬಾಯಿ ತೆರೆದದ್ದು.
ಆಗ ನೆನಪಾಯಿತು, ಹೋದ ತಿಂಗಳು,
ಇದೇ ಫಿಲ್ಟರು, ಅದರಲ್ಲಿ ಹಿಡಿ ಮರಳು,
ಇದೇ ಹುಡುಗನ ಎದುರು ಕ್ಯಾನು ಎತ್ತಿ ಆಡಿಸಿ
ಮುಹಂದಿಸ್ಸನ ಗತ್ತಿನಲ್ಲಿ ಅಂದಿದ್ದೆ: 'ಘಸ್ಸಿಲ್! ಘಸ್ಸಿಲ್!'
ತೊಳೆ, ತೊಳೆ.
ತೊಳೆದಿದ್ದಾನೆ ಪಾಪ, ಹತ್ತಿರ ಇದ್ದ ನೀರಿನಲ್ಲಿ.

ಏಳು ವರ್ಷದ ನನ್ನ ಅರಬ್ಬಿಯಲ್ಲಿ
ತೊಳೆ ಎಂಬುದಿತ್ತು. ಒಣಗಿಸು ಎಂಬುದಿರಲಿಲ್ಲ.

'ಏನು ರೋಗ?' ಎಂದ ಮುದುಕ.
'ನೀರು,' ಅಂದೆ. 'ಈ ಗಾಳಿಗೆ ಎಲ್ಲಿಂದಲೋ ಬರುತ್ತದೆ, ಚಿಕ್ಕಪ್ಪಾ.'
ಗಾಳಿಯ ಮೇಲೆ ಹಾಕಿದರೆ ಗಾಳಿ ಎದುರಾಡುವುದಿಲ್ಲ.

ಮಧ್ಯಾಹ್ನದವರೆಗೂ ಟ್ಯಾಂಕು ಬರಿದು ಮಾಡಿ,
ಹೊಸ ಫಿಲ್ಟರು ಕೂರಿಸಿ, ಪೈಪಿನ ಉಸಿರು ಬಿಡಿಸಿ
ಕೀಲಿ ತಿರುಗಿಸಿದೆ. ಒಂದು ಸಿಲಿಂಡರು ಕೆಮ್ಮಿತು.
ಆಮೇಲೆ ಇನ್ನೊಂದು. ಮೂರನೆಯದು ಬಹಳ ಸತಾಯಿಸಿತು.
ಕೊನೆಗೆ ನಾಲ್ಕೂ ಸೇರಿ ಹೊಡೆದಾಗ
ಮುದುಕ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ, ಒಂಟೆಗೆ ಇಡುವಂತೆ.

ಫಿಲ್ಟರಿನ ದುಡ್ಡಷ್ಟೇ ಬರೆದೆ. ಕೂಲಿ ಹಾಕಲು ಪೆನ್ನು ಏಳಲಿಲ್ಲ.
ಹುಡುಗನಿಗೆ ಹಳೆಯ ಬನಿಯನ್ನಿನ ತುಂಡು ಕೊಟ್ಟು
ಕ್ಯಾನಿನೊಳಗೆ ತಿರುವಿ ತೋರಿಸಿ ಕೇಳಿದೆ,
ಇದಕ್ಕೆ ಏನನ್ನುತ್ತೀರಿ?
'ನಶ್ಶಿಫ್,' ಅಂದ ಹಮೂದ್, ನನ್ನ ಮುಖ ನೋಡದೆ.
ನಶ್ಶಿಫ್, ನಾನೂ ಅಂದೆ.
ಉಚ್ಚಾರ ಸರಿ ಬರಲಿಲ್ಲವೆಂದು ಮತ್ತೊಮ್ಮೆ ಹೇಳಿಸಿದ.

ಪಿಕಪ್ಪು ಹೊರಳಿ ಕಡಲ ದಾರಿಗೆ ಬಿತ್ತು.
ಹಿಂದೆ ಬಲೆಯ ಮೇಲೆ ಅವನು,
ಕ್ಯಾನನ್ನು ಬೋರಲಾಗಿ ಗಾಳಿಗೆ ಎತ್ತಿ ಹಿಡಿದು.