ಗಂಟು

ಸುಲ್ತಾನ್‌ಪೇಟೆಯಲ್ಲಿ ಖಾಕಿ ಕಾಗದ
ಆರಡಿ ಕತ್ತರಿಸಿ ಎಂದರೆ ಅಂಗಡಿಯವನು
"ಯಾರನ್ನ ಸುತ್ತೋಕೆ ಮೇಡಂ?" ಅಂದ.

ನೆಲಕ್ಕೆ ಹಾಸಿದೆವು. ಗುಂಪಿಗೆ ಐವರು.
ಗ್ಲಾಡಿಸ್ ಎಲ್ಲರಿಗಿಂತ ಉದ್ದ, ಅವಳೇ ಮಲಗಿದಳು.
ಸುತ್ತ ಸೀಮೆಸುಣ್ಣ ಎಳೆಯುವಾಗ ಕಚಗುಳಿ ತಡೆಯದೆ ನಕ್ಕು
ಎಡ ಪಕ್ಕೆಯ ಗೆರೆ ಸೊಟ್ಟಗಾಯಿತು.
ಎದ್ದು ನೋಡಿದಳು: "ನಾನು ಇಷ್ಟೇನಾ ಮಿಸ್?"

ಹದಿನಾರು ವರ್ಷ ಹಲಗೆಯ ಮೇಲೆ ಬರೆದಿದ್ದೇನೆ,
ಅಪಧಮನಿ ಕೆಂಪು, ಅಭಿಧಮನಿ ನೀಲಿ.
ಅವರೂ ಬರೆದುಕೊಂಡಿದ್ದಾರೆ, ಅಂಡರ್‌ಲೈನ್ ಸಮೇತ;
ವಾರ್ಡಿನಲ್ಲಿ ಮಾತ್ರ ನಾಡಿಗೆ ತಡಕಾಡುತ್ತಾರೆ
ಕರೆಂಟು ಹೋದ ಮನೆಯಲ್ಲಿ ಬೆಂಕಿಪೊಟ್ಟಣ ಹುಡುಕಿದ ಹಾಗೆ.
ಇವತ್ತು ಪುಸ್ತಕ ಮುಚ್ಚಿ ಎಂದೆ.
ಉಲ್ಲನ್ ಉಂಡೆ ಕೊಟ್ಟೆ, ಕೆಂಪೊಂದು, ನೀಲಿಯೊಂದು.

ಜಗಳ ಶುರು.
ಲಿವರ್ ಬಲಕ್ಕೆ ಸರಿ, ಅವಳ ಬಲವೋ ನಮ್ಮ ಬಲವೋ?
ಸೆಲ್ವಿ ತಾನೇ ಅಂಗಾತ ಬಿದ್ದು
ಹೊಟ್ಟೆ ಮುಟ್ಟಿಕೊಂಡು ತೀರ್ಪು ಕೊಟ್ಟಳು.
ಗೇಟಿನ ಬಾದಾಮಿ ಮರದ ಎರಡು ಎಲೆ
ರಿಹಾನಾ ತಂದು ಮಡಚಿಟ್ಟಳು, ಕಿಡ್ನಿಗಳಾದವು.
ಕೆಂಪು ಮಂಡಿಯ ಹತ್ತಿರ ಮುಗಿದುಹೋಯಿತು.
ಕಾಲಿಗೆ ರಕ್ತ ಸಾಲದೆಂದು ಪಕ್ಕದ ಗುಂಪಿನಲ್ಲಿ ಕಡ ಕೇಳಿದರು.

ಆಗ ಮುನಿಲಕ್ಷ್ಮಿ, ಎಂದೂ ಕೈ ಎತ್ತದವಳು,
ಎಡ ಮುಂಗೈಯಲ್ಲಿ ಕೆಂಪನ್ನೂ ನೀಲಿಯನ್ನೂ ಸೇರಿಸಿ
ಗಂಟು ಹಾಕಿದಳು.

"ತಪ್ಪೈತ್ರಿ ಮಿಸ್, ಎರಡೂ ಕೂಡಿಸ್ಯಾಳ್ರಿ," ಬಸಲಿಂಗ.
ತಿದ್ದಲು ನಾನೂ ಬಾಯಿ ತೆರೆದಿದ್ದೆ.

"ತಪ್ಪಲ್ಲ. ನಮ್ಮಪ್ಪಂಗೆ ಹಿಂಗೇ ಮಾಡವ್ರೆ, ಡಯಾಲಿಸಿಸ್‌ಗೆ.
ಕೈ ಇಟ್ರೆ ಗುಂಯ್ ಅಂತದೆ,
ಬೆಂಕಿಪೊಟ್ಟಣದೊಳಗೆ ದುಂಬಿ ಇದ್ದಂಗೆ.
ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರ್ದು.
ಹೋದ್ವಾರ ಒಬ್ರು ಸಿಸ್ಟರ್ ಕಟ್ಟೋಕೆ ಬಂದ್ರು,
ನಾನು ನನ್ನ ಕೈ ಅಡ್ಡ ಇಟ್ಟೆ."

ಸೆಲ್ವಿ ಬಗ್ಗಿ ಗಂಟಿನ ಮೇಲೆ ಎರಡು ಬೆರಳಿಟ್ಟಳು,
ಏನೋ ಸಿಕ್ಕವಳ ಹಾಗೆ ಅಲ್ಲಾಡದೆ.
ಆಮೇಲೆ ರಿಹಾನಾ. ಬಸಲಿಂಗ, ಕೈ ಪ್ಯಾಂಟಿಗೆ ಒರೆಸಿಕೊಂಡು.
ಕೊನೆಗೆ ನಾನು.

ಹತ್ತಕ್ಕೆ ಎಷ್ಟು ಕೊಡಬೇಕೋ ತಿಳಿಯದೆ
ಸಂಜೆ ಕಾಗದ ಸುತ್ತಿಕೊಂಡು ಆಟೋ ಹತ್ತಿದೆ.
ಪಾದಗಳು ಹೊರಗೇ ಉಳಿದವು.
ಸಿರ್ಸಿ ಸರ್ಕಲ್ ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನ ಮಗು
ಹೆಬ್ಬೆರಳು ಹಿಡಿದು ಎಳೆಯಿತು;
ಒಂದೆಳೆ ಉಲ್ಲನ್ ಅದರ ಕೈಗೇ ಬಂತು, ಕಡ ತಂದಿದ್ದು.
ಹಸಿರು ಬಿತ್ತು.
ಸುರುಳಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಡವಿದೆ.

ಗಂಟು ಇತ್ತು.