ಪುಟ ನೂರ ಹನ್ನೆರಡು

ವಂಡೆಗೆಯದ ಇಳಿಜಾರಿನಲ್ಲಿ, ಚಪಾತಿ ಸುಡುವವನ ಹೊಗೆ
ನೇರ ಒಳಗೆ ಬರುವ ಕಡೆ ನನ್ನ ಅಂಗಡಿ.
ಎರಡು ಕಂಪ್ಯೂಟರು, ಒಂದು ಪ್ರಿಂಟರು,
ಕರೆಂಟು ಇದ್ದರೆ ನಾನು.
ಗೋಡೆಯ ಮೇಲೆ ಹಳದಿಗಟ್ಟಿದ ನಿಯಮಗಳ ಹಾಳೆ:
ಎಡಕ್ಕೆ ಒಂದೂವರೆ ಅಂಗುಲ, ಉಳಿದ ಮೂರೂ ಕಡೆ ಒಂದು,
ಸಾಲಿಗೂ ಸಾಲಿಗೂ ನಡುವೆ
ಒಂದು ಸಾಲಿನಷ್ಟು ಬಯಲು.

ಎಡಗಡೆಯ ಆ ಹೆಚ್ಚಿನ ಅರ್ಧ ಅಂಗುಲ ಹೊಲಿಗೆಗೆ;
ಬೈಂಡಿಂಗಿನ ಮುದುಕ ಸ್ಸೆಬುನ್ಯ ಅದನ್ನೇ ಉಂಡು ಬದುಕಿದ್ದಾನೆ.
ಬಯಲು, ಪ್ರೊಫೆಸರರ ಪೆನ್ನು ಮೇಯುವುದಕ್ಕೆ.
ಅವರದು ಹಸಿರು ಶಾಯಿ.

ಇಪ್ಪತ್ತೆರಡು ವರ್ಷ. ಕಾಫಿಗಿಡದ ರೋಗ, ಭೂಕಾನೂನು, ಮಲೇರಿಯಾ,
ಒಂದು ಸಲ ದೇವದೂತರು ಕೂಡ
ನನ್ನ ಬೆರಳು ದಾಟಿಯೇ ಗೌನು ತೊಟ್ಟದ್ದು.

ಉಲ್ಲೇಖಕ್ಕೆ ಬೇರೆ ನಿಯಮ.
ಬೇರೆಯವರ ಮಾತು ನಾಲ್ಕು ಸಾಲು ಮೀರಿತೋ
ಒಳಕ್ಕೆ ಸರಿಸು, ಅಕ್ಷರ ಕಿರಿದು ಮಾಡು, ಒತ್ತಿ ಕೂರಿಸು,
ಟ್ಯಾಕ್ಸಿಯ ಹಿಂದಿನ ಸೀಟಿನ ಹಾಗೆ:
ಮೂವರ ಜಾಗದಲ್ಲಿ ಐವರು, ಮೇಲೊಂದು ಕೋಳಿ.
ಹೇಳಿದವರಿಗೆ ಇಕ್ಕಟ್ಟು.
ಹೇಳಿದ್ದನ್ನು ಮತ್ತೆ ಹೇಳಿದವನಿಗೆ
ಕಾಲು ಚಾಚುವಷ್ಟು ಜಾಗ.

ಇಷ್ಟು ದಿನ ಬೆರಳಿಗೆ ಗೊತ್ತಿತ್ತು, ನನಗಿರಲಿಲ್ಲ,
ಓಕ್ವಿರ್ ಎಂಬ ಹುಡುಗನ ಮೀನಿನ ಥೀಸಿಸ್ ಬರುವ ತನಕ.
ಪುಟ ನೂರ ಹನ್ನೆರಡು. ಸಂದರ್ಶಿತೆ ಹದಿನಾಲ್ಕು:
“ಮುಕೆನೆ ಒಣಹಾಕುವಾಗ ಮೋಡ ನೋಡಬೇಡ, ಕೊಕ್ಕರೆ ನೋಡು.
ಮೋಡ ಸುಳ್ಳು ಹೇಳುತ್ತೆ.
ಕೊಕ್ಕರೆಗೆ ಹೊಟ್ಟೆ ಇದೆ.
ಮೀನಿಗೆ ಮೀನು ತಾಗಿಸಬೇಡ. ತಾಗಿದರೆ ಕೊಳೆಯುತ್ತೆ.”

ಆ ಕೊಕ್ಕರೆ ನನಗೆ ಗೊತ್ತು.
ಸೋದರತ್ತೆ ನಲ್ವೋಗಾಳದು.
ಹೆಸರಿಲ್ಲ, ಅಂಕಿ ಇದೆ. ಗೌಪ್ಯತೆಗಂತೆ.

ಆ ರಾತ್ರಿ ಅವಳ ಸಾಲುಗಳನ್ನು ಬಿಡಿಸಿ ಹರಡಿದೆ,
ದಡದ ಬಲೆಯ ಮೇಲೆ ಅವಳು ಹರಡುತ್ತಿದ್ದಂತೆ,
ಒಂದಕ್ಕೊಂದು ತಾಗದ ಹಾಗೆ,
ನಡುವೆ ಕೆರೆಗಾಳಿ ಹಾಯುವ ಹಾಗೆ.

ಮೂರನೇ ದಿನ ಥೀಸಿಸ್ ವಾಪಸು.
ಆಫೀಸಿನ ಅಚೆಂಗ್ ಮೇಡಂ ಸ್ಕೇಲಿಟ್ಟು ಅಳೆದಿದ್ದಾರೆ,
ಕೆಂಪು ವೃತ್ತ: ಸಾಲುಗಳ ಅಂತರ ತಪ್ಪು.
ಹುಡುಗ ಬೈಯಲಿಲ್ಲ. ಮರುಮುದ್ರಣದ ದುಡ್ಡು ಯಾರದು ಅಂದ, ಅಷ್ಟೆ.
ನನ್ನದು ಅಂದೆ. ಅತ್ತೆಯನ್ನು ಮತ್ತೆ ಟ್ಯಾಕ್ಸಿ ಹತ್ತಿಸಿದೆ.

ಭಾನುವಾರ ಫೋನಿನಲ್ಲಿ ಅವಳಿಗೆ ಪೂರ್ತಿ ಓದಿ ಹೇಳಿದೆ.
ಕೇಳಿದಳು. ಸುಮಾರು ಹೊತ್ತು ಸುಮ್ಮನಿದ್ದಳು.
“ಯಾರು, ಆ ಕನ್ನಡಕದ ಉದ್ದನೆಯ ಹುಡುಗನಾ?
ಎರಡು ಡಬ್ಬ ಮೀನು ಒಯ್ದವನು ಇನ್ನೂ ದುಡ್ಡು ಕೊಟ್ಟಿಲ್ಲ.
ಅದನ್ನು ಬರೆದಿದ್ದಾನಾ?”

ಇಲ್ಲ ಅತ್ತೆ, ಅದಿಲ್ಲ.
ಇನ್ನೂರ ನಾಲ್ಕು ಪುಟ, ನಾನೇ ಟೈಪು ಮಾಡಿದ್ದೇನೆ.
ಜಾಗ ಮಾತ್ರ ಬೇಕಾದಷ್ಟಿತ್ತು.